ಅಪ್ಪ ಬಿಟ್ಟುಹೋದ 612 ಹಾಡಿನ ಫೈಲುಗಳು: ಟರ್ಮಿನಲ್ ಕಲಿಯೋದು ಎಲ್ಲಿಂದ ಶುರು ಮಾಡಲಿ?

ಬೀಸುವಪದ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ 4 ಜಿಬಿ ರ್‍ಯಾಮ್ ಇರುವ ಹಳೇ ಲ್ಯಾಪ್‌ಟಾಪ್ ಇದೆ. ವಿಂಡೋಸ್ ಎದ್ದು ಕೂರುವಷ್ಟರಲ್ಲಿ ಒಲೆ ಮೇಲಿಟ್ಟ ಹಾಲು ಉಕ್ಕಿರುತ್ತಿತ್ತು. ಹೋದ ತಿಂಗಳು ತಂಗಿಯ ಮಗ ಬಂದವನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಈಗ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತದೆ. ಅವನು ಬೆಂಗಳೂರಿಗೆ ವಾಪಸ್ ಹೋದ. ಕೇಳೋಣ ಅಂದರೆ ಅವನಿಗೆ ಕೆಲಸ ಜಾಸ್ತಿ.

ನನ್ನ ವಿಷಯ ಇದು. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ಕಾಗದ ಹಂಚಲು ಹೋದ ಊರಲ್ಲೆಲ್ಲ ಹೆಂಗಸರ ಹತ್ತಿರ ಕೂತು ಹಾಡು ಬರೆದುಕೊಂಡು ಬರುತ್ತಿದ್ದರು. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ನಾಟಿ ಹಾಡು. ನಿವೃತ್ತಿಯಾದ ಮೇಲೆ ಎಲ್ಲವನ್ನೂ ಒಂದೊಂದೇ ಕಂಪ್ಯೂಟರಿಗೆ ಹಾಕಿದರು. ಒಂದು ಹಾಡಿಗೆ ಒಂದು ಫೈಲ್. ಒಟ್ಟು 612. ಅವರು ಹೋಗಿ ಐದು ವರ್ಷವಾಯಿತು. ಫೈಲುಗಳು ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಬೇರೆ ಎಲ್ಲೂ ಪ್ರತಿ ಇಲ್ಲ.

ಯಾವ ಯಾವ ಹಾಡಿನಲ್ಲಿ ಬೀಸುಕಲ್ಲಿನ ಮಾತು ಬರುತ್ತದೆ ಅಂತ ನನಗೆ ಪಟ್ಟಿ ಮಾಡಬೇಕಿದೆ. ಒಂದೊಂದೇ ತೆರೆದು ನೋಡಿದರೆ ವರ್ಷ ಬೇಕು. ಟರ್ಮಿನಲ್‌ನಲ್ಲಾದರೆ, ಅಂದರೆ ಕಮಾಂಡ್ ಬರೆದು ಕೆಲಸ ಮಾಡಿಸುವ ಪರದೆಯಲ್ಲಾದರೆ, ಒಂದು ಸಾಲಿನಲ್ಲಿ ಆಗುತ್ತೆ ಅಂತ ಹುಡುಗ ಹೇಳಿದ್ದ. ಅದಕ್ಕೆ ಒಂದು ವಿಡಿಯೋ ನೋಡಿ 50 ಕಮಾಂಡ್‌ಗಳನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಗ್ಗಿ ತರಹ ಬಾಯಿಪಾಠ ಮಾಡಿದೆ. ನಾಲ್ಕನೇ ದಿನಕ್ಕೆ ಅರ್ಧ ಮರೆತುಹೋಯಿತು. ಉಳಿದ ಅರ್ಧ ಯಾವಾಗ ಬಳಸಬೇಕು ಅಂತ ಗೊತ್ತಾಗಲಿಲ್ಲ.

ಪಾಸ್‌ವರ್ಡ್ ಹೊಡೆದರೆ ಪರದೆ ಮೇಲೆ ಏನೂ ಬರುವುದಿಲ್ಲ. ಕೀಬೋರ್ಡ್ ಕೆಟ್ಟಿದೆಯಾ? ಫೈಲ್ ಕಣ್ಣ ಮುಂದೆ ಇದ್ದರೂ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಅಂದರೆ ಏನೋ ಒಂದು ಒತ್ತಿ ಅಪ್ಪನ ಫೈಲುಗಳೇ ಹೋಗಿಬಿಟ್ಟರೆ? ಎಲ್ಲಿಂದ ಶುರು ಮಾಡಲಿ, ಹೇಳಿ.

---

ರಾತ್ರಿಪಾಳಿ ಉತ್ತರ:

ಪಾಸ್‌ವರ್ಡ್ ಕಾಣದಿರುವುದು ಬೇಕಂತಲೇ ಹಾಗಿದೆ. ಎಷ್ಟು ಅಕ್ಷರ ಅಂತಲೂ ಪಕ್ಕದವರಿಗೆ ಗೊತ್ತಾಗಬಾರದು ಅಂತ. ಕುರುಡಾಗಿ ಹೊಡೆದು ಎಂಟರ್ ಒತ್ತಿ, ಹೋಗುತ್ತದೆ. ಕೀಬೋರ್ಡ್ ಸರಿ ಇದೆ.

ಇನ್ನೊಂದು ಮಾತು. ನಿಮ್ಮ ಕೆಲಸಕ್ಕೆ ಪಾಸ್‌ವರ್ಡೇ ಬೇಡ. ಸುಡೋ ಅಂತ ಶುರುವಾಗುವ ಯಾವ ಕಮಾಂಡೂ ಬೇಡ. ಸುಡೋ ಅಂದರೆ ಇಡೀ ಮನೆಯ ಬೀಗದ ಕೈ. ಹೊಸ ತಂತ್ರಾಂಶ ಹಾಕುವಾಗ ಬೇಕು. ನಿಮ್ಮದೇ ಫೈಲ್ ಓದಲು ಬೇಕಿಲ್ಲ. ಯಾರಾದರೂ ಅದನ್ನ ಹಾಕಿ ಹೊಡೆಯಿರಿ ಅಂದರೆ ಯಾಕೆ ಅಂತ ಕೇಳಿ.

ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಆಗುವವರೆಗೆ ಬೇರೆ ಏನೂ ಮಾಡಬೇಡಿ.

---

ಕಪ್ಪುಪರದೆ ಉತ್ತರ:

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು 2006ರಿಂದ ಇದೇ ಪರದೆ ಮುಂದೆ ಕೂತಿದ್ದೇನೆ. ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಕಲಿಯಲು ಬರುವವರು ಸಾಮಾನ್ಯವಾಗಿ 'ಲಿನಕ್ಸ್ ಕಲಿಸಿ' ಅನ್ನುತ್ತಾರೆ. ನೀವು 'ಈ 612 ಫೈಲಿನಲ್ಲಿ ಬೀಸುಕಲ್ಲು ಹುಡುಕಬೇಕು' ಅಂದಿರಿ. ಕೈಯಲ್ಲಿ ಕೆಲಸ ಇಟ್ಟುಕೊಂಡು ಬಂದವರಿಗೆ ಟರ್ಮಿನಲ್ ಬೇಗ ಹತ್ತುತ್ತದೆ. ಆ 50ರ ಪಟ್ಟಿ ಪಕ್ಕಕ್ಕಿಡಿ. ನಿಮ್ಮ ಕೆಲಸಕ್ಕೆ ಎಂಟೋ ಒಂಬತ್ತೋ ಕಮಾಂಡ್ ಸಾಕು.

ಫೋನಿನಿಂದ ಬರೆಯುತ್ತಿರುವುದರಿಂದ ಕಮಾಂಡ್‌ಗಳನ್ನ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಎಲ್‌ಎಸ್ ಅಂದರೆ ಎಲ್ ಮತ್ತು ಎಸ್, ಎರಡೇ ಅಕ್ಷರ, ನಡುವೆ ಜಾಗ ಇಲ್ಲ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ, ಯಾಕಂದರೆ ಲಿನಕ್ಸಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಫೋಲ್ಡರ್, ಫೈಲಿನ ಹೆಸರು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಹೊಡೆಯಿರಿ. ನಡೆಯುತ್ತದೆ.

ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಟರ್ಮಿನಲ್ ತೆರೆಯುತ್ತದೆ. ಮೊದಲು ಇದನ್ನ ಹೊಡೆಯಿರಿ:

ಪಿಡಬ್ಲ್ಯೂಡಿ

ನಮ್ಮ ಕಡೆ ಇದನ್ನ ಕೇಳಿದರೆ ರಸ್ತೆ ಮಾಡುವ ಇಲಾಖೆ ನೆನಪಾಗುತ್ತದೆ ಅಲ್ವಾ. ಇಲ್ಲಿ ಅದರ ಅರ್ಥ 'ಈಗ ಯಾವ ಫೋಲ್ಡರಿನಲ್ಲಿ ನಿಂತಿದ್ದೇನೆ, ಅಚ್ಚು ಮಾಡು'. ಅಚ್ಚು ಅನ್ನುವ ಮಾತು ಸುಮ್ನೆ ಬಂದಿದ್ದಲ್ಲ. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಆದರೆ ಅದು ಅನುಸರಿಸಿದ ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾಯಿತು. ಆಗ ಅವರು ಕೂರುತ್ತಿದ್ದದ್ದು ಪರದೆ ಮುಂದೆ ಅಲ್ಲ, ಟೆಲಿಟೈಪ್ ಅನ್ನುವ ಯಂತ್ರದ ಮುಂದೆ. ಟೈಪ್‌ರೈಟರಿನ ಹಾಗೆ ಕಾಗದದ ಮೇಲೆ ಹೊಡೆಯುತ್ತಿತ್ತು. ಸೆಕೆಂಡಿಗೆ 10 ಅಕ್ಷರ, ಅಷ್ಟೇ. ಕೀಲಿಗಳೂ ಗಟ್ಟಿ. ಅಂಥ ಯಂತ್ರದಲ್ಲಿ ಉದ್ದ ಹೆಸರು ಯಾರಿಗೆ ಬೇಕು? ಅದಕ್ಕೇ ಎಲ್‌ಎಸ್, ಸಿಪಿ, ಎಂವಿ ಅಂತ ಎರಡೆರಡು ಅಕ್ಷರ. ಕೆಲಸ ಸರಿಯಾಗಿ ಮುಗಿದರೆ ಬಾಯಿ ಬಿಡದಿರುವ ಅಭ್ಯಾಸವೂ ಆ ಕಾಲದ್ದೇ. ಇದನ್ನ ಮಾತ್ರ ಚೆನ್ನಾಗಿ ನೆನಪಿಡಿ. ಕಮಾಂಡ್ ಹೊಡೆದ ಮೇಲೆ ಏನೂ ಬರದೆ ಹೊಸ ಸಾಲು ಬಂದರೆ ಕೆಲಸ ಆಗಿದೆ ಅಂತ ಅರ್ಥ. ತೊಂದರೆ ಆದರೆ ಮಾತ್ರ ಅದು ಮಾತಾಡುತ್ತದೆ.

ಈಗ ಅಭ್ಯಾಸಕ್ಕೆ ಒಂದು ಫೋಲ್ಡರ್ ಮಾಡಿ:

ಎಂಕೆಡಿಐಆರ್ ಅಭ್ಯಾಸ

ಏನೂ ಹೇಳಲಿಲ್ಲ. ಎಲ್‌ಎಸ್ ಹೊಡೆಯಿರಿ. ಡೌನ್‌ಲೋಡ್ಸ್, ಪಿಕ್ಚರ್ಸ್ ಇವುಗಳ ಜೊತೆ 'ಅಭ್ಯಾಸ' ಕಾಣುತ್ತದೆ. ಒತ್ತಕ್ಷರ ಸ್ವಲ್ಪ ಒಡೆದ ಹಾಗೆ ಕಂಡರೆ ಹೆದರಬೇಡಿ. ಟರ್ಮಿನಲ್ ಪ್ರತಿ ಅಕ್ಷರವನ್ನೂ ಒಂದೊಂದು ಮನೆಯಲ್ಲಿ ಕೂರಿಸಲು ನೋಡುತ್ತದೆ. ಕನ್ನಡ ಅಂಥ ಮನೆಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಫೈಲಿಗೆ ಏನೂ ಆಗಿರುವುದಿಲ್ಲ.

ಇನ್ನು ಅಪ್ಪನ ಫೈಲುಗಳ ಪ್ರತಿ. ಹಾರ್ಡ್ ಡಿಸ್ಕ್ ಚುಚ್ಚಿ, ಅದರಲ್ಲಿರುವ ಫೋಲ್ಡರ್ ಕಾಣುವ ಹಾಗೆ ಕಿಟಕಿ ತೆರೆದಿಡಿ. ಟರ್ಮಿನಲ್‌ನಲ್ಲಿ ಸಿಪಿ, ಒಂದು ಜಾಗ, -ಆರ್, ಒಂದು ಜಾಗ, ಇಷ್ಟು ಹೊಡೆದು ನಿಲ್ಲಿಸಿ. ಎಂಟರ್ ಬೇಡ. ಈಗ ಆ ಫೋಲ್ಡರನ್ನ ಮೌಸಿನಿಂದ ಎಳೆದು ತಂದು ಟರ್ಮಿನಲ್ ಮೇಲೆ ಬಿಡಿ. ಅದರ ಪೂರ್ತಿ ವಿಳಾಸ ತಾನಾಗೇ ಬಂದು ಕೂರುತ್ತದೆ. ಬಿಟ್ಟ ಜಾಗಕ್ಕೆ ಬೇಕಾದ ಉದ್ಧರಣ ಚಿಹ್ನೆ ಸಮೇತ. ಮುಂದೆ ಒಂದು ಜಾಗ ಬಿಟ್ಟು ಅಭ್ಯಾಸ/ ಅಂತ ಬರೆದು ಎಂಟರ್ ಒತ್ತಿ. ಫೋಲ್ಡರಿನ ಹೆಸರು 'ಹಾಡು' ಅಂತ ಇಟ್ಟುಕೊಂಡರೆ ಸಾಲು ಹೀಗಿರುತ್ತದೆ:

ಸಿಪಿ -ಆರ್ '…/ಹಾಡು' ಅಭ್ಯಾಸ/

ಸಿಪಿ ಅಂದರೆ ಪ್ರತಿ ಮಾಡು. ಆರ್ ಹಾಕಿದರೆ ಫೋಲ್ಡರನ್ನ ಒಳಗಿರುವುದರ ಸಮೇತ ಮಾಡುತ್ತದೆ. ಮುಗಿದ ಮೇಲೆ ಹಾರ್ಡ್ ಡಿಸ್ಕ್ ಕಿತ್ತು ಬೀರುವಿನಲ್ಲಿ ಇಡಿ. ಇನ್ನು ಮೇಲೆ ಆಟ ಎಲ್ಲ ಪ್ರತಿಯ ಮೇಲೆ. ನಿಮ್ಮ ಭಯಕ್ಕೆ ನನಗೆ ಗೊತ್ತಿರುವ ಮದ್ದು ಇದೊಂದೇ.

ಸಿಡಿ ಅಭ್ಯಾಸ/ಹಾಡು

ಇದು ಆ ಫೋಲ್ಡರಿನ ಒಳಗೆ ಹೋಗುವುದು. ಸಿಡಿ ಮುಂದೆ ಜಾಗ ಬಿಟ್ಟು ಎರಡು ಚುಕ್ಕಿ ಇಟ್ಟರೆ ಒಂದು ಮೆಟ್ಟಿಲು ಹೊರಗೆ. ಬರೀ ಸಿಡಿ ಅಂದರೆ ಸೀದಾ ಮನೆಗೆ. ಎಲ್ಲಿ ಕಳೆದುಹೋದರೂ ಅದೊಂದು ಸಾಕು.

'ನೋ ಸಚ್ ಫೈಲ್' ಯಾಕೆ ಬರುತ್ತಿದೆ ಅಂತ ನನಗೆ ಅಂದಾಜಿದೆ. ಅಪ್ಪ ಫೈಲಿಗೆ 'ಬೀಸುವ ಪದ 12' ಅಂತ ಜಾಗ ಬಿಟ್ಟು ಹೆಸರು ಇಟ್ಟಿರಬೇಕು. ಟರ್ಮಿನಲ್‌ಗೆ ಜಾಗ ಅಂದರೆ ಒಂದು ಮಾತು ಮುಗಿಯಿತು ಅಂತ. ಅದು 'ಬೀಸುವ' ಅನ್ನುವ ಫೈಲ್, 'ಪದ' ಅನ್ನುವ ಫೈಲ್, '12' ಅನ್ನುವ ಫೈಲ್ ಅಂತ ಮೂರು ಹುಡುಕುತ್ತದೆ. ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ. ಇನ್ನೂ ಸುಲಭ ಟ್ಯಾಬ್ ಕೀಲಿ. 'ಬೀಸು' ಅಂತ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನ ಅದೇ ತುಂಬುತ್ತದೆ. ಆ ಹೆಸರಿನವು ತುಂಬಾ ಇದ್ದರೆ ಇನ್ನೊಂದು ಸಲ ಟ್ಯಾಬ್ ಒತ್ತಿ, ಪಟ್ಟಿ ಕೊಡುತ್ತದೆ. ಟ್ಯಾಬ್ ತುಂಬಲಿಲ್ಲ ಅಂದರೆ ನೀವು ಬೇರೆ ಫೋಲ್ಡರಿನಲ್ಲಿದ್ದೀರಿ, ಇಲ್ಲವೇ ಕಾಗುಣಿತ ತಪ್ಪಿದೆ. ಎಂಟರ್ ಒತ್ತುವ ಮೊದಲೇ ತಪ್ಪು ಗೊತ್ತಾಗುತ್ತದೆ. ನಾನು ದಿನಕ್ಕೆ ಸಾವಿರ ಸಲ ಒತ್ತುವ ಕೀಲಿ ಅದು.

ಈಗ ನೀವು ಕೇಳಿದ್ದು. ಗ್ರೆಪ್ ಅಂದರೆ ಫೈಲಿನ ಒಳಗೆ ಪದ ಹುಡುಕುವ ಕಮಾಂಡ್:

ಗ್ರೆಪ್ -ಎಲ್ ಬೀಸುಕಲ್ಲು *

ನಕ್ಷತ್ರ ಅಂದರೆ ಇಲ್ಲಿರುವ ಎಲ್ಲ ಫೈಲು. ಸಣ್ಣಕ್ಷರದ ಎಲ್ ಹಾಕಿದರೆ ಆ ಪದ ಇರುವ ಫೈಲುಗಳ ಹೆಸರು ಮಾತ್ರ ಬರುತ್ತದೆ. ಎಲ್ ತೆಗೆದು ಹೊಡೆದರೆ ಹಾಡಿನ ಸಾಲೇ ಬರುತ್ತದೆ. ಎಷ್ಟು ಅಂತ ಎಣಿಸಬೇಕಾದರೆ ಹೀಗೆ:

ಗ್ರೆಪ್ -ಎಲ್ ಬೀಸುಕಲ್ಲು * | ಡಬ್ಲ್ಯೂಸಿ -ಎಲ್

ನಡುವೆ ಇರುವ ಆ ನಿಂತ ಗೆರೆಗೆ ಪೈಪ್ ಅನ್ನುತ್ತೇವೆ. ತೋಟದಲ್ಲಿ ಒಂದು ಪೈಪಿನ ಬಾಯಿಗೆ ಇನ್ನೊಂದು ಪೈಪ್ ಸಿಕ್ಕಿಸಿದ ಹಾಗೆ, ಎಡಗಡೆಯಿಂದ ಬಂದದ್ದು ಬಲಗಡೆಗೆ ಹೋಗುತ್ತದೆ. ಗ್ರೆಪ್ ಹೆಸರುಗಳನ್ನ ಕೊಡುತ್ತದೆ, ಡಬ್ಲ್ಯೂಸಿ ಸಾಲು ಎಣಿಸುತ್ತದೆ. ಯುನಿಕ್ಸಿಗೆ ಈ ಪೈಪ್ ಬಂದದ್ದು 1973ರಲ್ಲಿ, ಡಗ್ ಮೆಕಿಲ್ರಾಯ್ ಅನ್ನುವವರು ಪಟ್ಟು ಹಿಡಿದಿದ್ದರಿಂದ. ಸಣ್ಣ ಸಣ್ಣ ಕೆಲಸದ ಆಳುಗಳನ್ನ ಸಾಲಾಗಿ ನಿಲ್ಲಿಸಿ ದೊಡ್ಡ ಕೆಲಸ ಮಾಡಿಸುವುದು. ಟರ್ಮಿನಲ್‌ನಲ್ಲಿ ನನಗೆ ಇಷ್ಟವಾದದ್ದು ಒಂದೇ ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ಒಂದು ಫೈಲ್ ಓದಬೇಕಾದರೆ ಲೆಸ್, ಮುಂದೆ ಹೆಸರು. ಹೊರಬರಲು ಕ್ಯೂ. ಏನಾದರೂ ಸಿಕ್ಕಿಹಾಕಿಕೊಂಡು ಪರದೆ ಸುಮ್ಮನೆ ನಿಂತರೆ ಕಂಟ್ರೋಲ್ ಮತ್ತು ಸಿ. ಹಳೇ ಕಮಾಂಡ್ ಮತ್ತೆ ಬೇಕಾದರೆ ಮೇಲಿನ ಬಾಣ.

ಇವತ್ತಿಗೆ ಇಷ್ಟು ಸಾಕು. ಪರದೆ ಏನು ಹೇಳುತ್ತದೋ ಅದನ್ನ ಅಕ್ಷರ ಬಿಡದೆ ಇಲ್ಲಿ ಬರೆಯಿರಿ. 'ಬರ್ತಿಲ್ಲ' ಅಂತ ಮಾತ್ರ ಬರೆಯಬೇಡಿ, ಏನು ಬಂತು ಅಂತ ಬರೆಯಿರಿ.

---

ಬೀಸುವಪದ:

ಸರ್, ನಿನ್ನೆ ರಾತ್ರಿ ಹನ್ನೊಂದೂವರೆವರೆಗೆ ಕೂತಿದ್ದೆ. ಏನಾಯಿತು ಅಂತ ನೀವು ಹೇಳಿದ ಹಾಗೇ ಬರೆಯುತ್ತೇನೆ.

ಪ್ರತಿ ಮಾಡುವಾಗ ಎರಡು ಫೈಲಿಗೆ 'ಫೈಲ್ ನೇಮ್ ಟೂ ಲಾಂಗ್' ಅಂತ ಬಂತು. ಉಳಿದವು ಬಂದಿವೆ. ಎಲ್‌ಎಸ್ ಮುಂದೆ ಪೈಪ್ ಹಾಕಿ ಎಣಿಸಿದೆ, 610. ಲೆಕ್ಕ ಸರಿ ಇದೆ. ಪೈಪನ್ನ ನೀವು ಹೇಳದ ಜಾಗದಲ್ಲಿ ನಾನೇ ಬಳಸಿದೆ! ಆ ಎರಡೂ ಸೋಬಾನೆ ಪದ. ಅಪ್ಪ ಹಾಡಿನ ಮೊದಲ ಎರಡು ಸಾಲನ್ನೇ ಹೆಸರಾಗಿ ಇಟ್ಟಿದ್ದಾರೆ. ವಿಂಡೋಸ್‌ನಲ್ಲಿ ಇದ್ದಾಗ ಸರಿಯಾಗೇ ಇತ್ತಲ್ಲ?

ಬೀಸುಕಲ್ಲು ಹುಡುಕಿದರೆ ಬಂದದ್ದು 11 ಫೈಲ್. ನನಗೆ ನಂಬಿಕೆ ಬರುತ್ತಿಲ್ಲ. ಬೀಸುವ ಪದ ಅಂತ ಹೆಸರಿರುವ ಫೈಲುಗಳೇ ನೂರರ ಮೇಲಿವೆ. ಅದರಲ್ಲಿ ಒಂದನ್ನ ಲೆಸ್ ಹಾಕಿ ತೆರೆದರೆ ಬರೀ ಗೀಟು, ಚಿಹ್ನೆ. ಫೈಲನ್ನ ಪೂರ್ತಿ ತೋರಿಸುವ ಕ್ಯಾಟ್ ಕಮಾಂಡ್ ಹಾಕಿದರೆ ಕಪ್ಪು ವಜ್ರದ ಒಳಗೆ ಪ್ರಶ್ನೆ ಚಿಹ್ನೆ, ಸಾಲು ಸಾಲು. ಪ್ರತಿ ಮಾಡುವಾಗ ಕೆಡಿಸಿಬಿಟ್ಟೆನಾ? ನಿದ್ದೆ ಬರಲಿಲ್ಲ.

---

ಗದಗ_ಡಿಟಿಪಿ ಉತ್ತರ:

ಅಕ್ಕಾ, ಏನೂ ಕೆಟ್ಟಿಲ್ಲ. ಇದು ನಾನು ದಿನಾ ನೋಡುವ ಕಾಯಿಲೆ. 18 ವರ್ಷದಿಂದ ಡಿಟಿಪಿ ಮಾಡುತ್ತೇನೆ, ಲಗ್ನಪತ್ರಿಕೆಯಿಂದ ಪಿಎಚ್‌ಡಿವರೆಗೆ. ಅಪ್ಪ ಮೊದಮೊದಲು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆಮೇಲೆ ಯೂನಿಕೋಡಿಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಗುರುತು ಇರುವ ಪದ್ಧತಿಗೆ, ಬಂದಿದ್ದಾರೆ. ಎಷ್ಟೋ ಜನ ಹಾಗೇ ಮಾಡಿದ್ದು.

ಹಳೇ ನುಡಿ ಫೈಲಿನ ಒಳಗೆ ನಿಜವಾಗಿ ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಚುಕ್ಕಿ-ಗೆರೆ ಅಕ್ಷರಗಳಿವೆ. ಅವುಗಳಿಗೆ ನುಡಿ ಫಾಂಟ್ ಕನ್ನಡದ ಅಂಗಿ ತೊಡಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ಅಂಗಿ ಇಲ್ಲ. ಗ್ರೆಪ್ ಅಂಗಿ ನೋಡುವುದಿಲ್ಲ, ಒಳಗಿನ ಮೈ ನೋಡುತ್ತದೆ. ಅದಕ್ಕೆ ಸಿಗಲಿಲ್ಲ.

ಯಾವ ಫೈಲ್ ಯಾವ ಜಾತಿ ಅಂತ ಬೇರೆ ಮಾಡಲು ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ. ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ 'ನ' ಬರದೇ ಇರಲು ಸಾಧ್ಯವೇ ಇಲ್ಲ ಅನ್ನಬಹುದು. ಹಾಗಾದರೆ 'ನ' ಇಲ್ಲದ ಫೈಲ್ ಯೂನಿಕೋಡ್ ಅಲ್ಲ:

ಗ್ರೆಪ್ -ಎಲ್ ನ *

ಇಲ್ಲಿ ಎಲ್ ದೊಡ್ಡಕ್ಷರ. ಸಣ್ಣ ಎಲ್ ಅಂದರೆ ಪದ ಇರುವ ಫೈಲು, ದೊಡ್ಡ ಎಲ್ ಅಂದರೆ ಪದ ಇಲ್ಲದ ಫೈಲು. ಬಂದ ಪಟ್ಟಿಯನ್ನ ಒಂದು ಫೈಲಿಗೆ ಬರೆದಿಡಬೇಕಾದರೆ ಕೊನೆಗೆ ಬಾಣದ ಗುರುತು ಹಾಕಿ:

ಗ್ರೆಪ್ -ಎಲ್ ನ * > ../ನುಡಿಪಟ್ಟಿ

ಎರಡು ಚುಕ್ಕಿ ಯಾಕೆ ಅಂದರೆ ಪಟ್ಟಿ ಹಾಡಿನ ಫೋಲ್ಡರ್ ಒಳಗೆ ಬೀಳಬಾರದು. ಬಿದ್ದರೆ ಮುಂದಿನ ಸಲ ಅದನ್ನೂ ಹಾಡು ಅಂತ ಹುಡುಕುತ್ತದೆ. ಇನ್ನೊಂದು ಎಚ್ಚರ: ಬಾಣದ ಮುಂದೆ ಈಗಾಗಲೇ ಇರುವ ಫೈಲಿನ ಹೆಸರು ಬರೆದರೆ ಹಳೆಯದು ಅಳಿಸಿಹೋಗುತ್ತದೆ, ಕೇಳುವುದಿಲ್ಲ. ಎರಡು ಬಾಣ >> ಹಾಕಿದರೆ ಹಳೆಯದರ ಕೊನೆಗೆ ಸೇರಿಸುತ್ತದೆ.

ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಐದು ಹಾಡು ಬದಲಿಸಿ, ಅಪ್ಪನ ಕೈಬರಹದ ಪುಸ್ತಕ ಇದ್ದರೆ ಪಕ್ಕದಲ್ಲಿಟ್ಟು ಓದಿ. ಅರ್ಕಾವತ್ತು ಇರುವ ಕಡೆ ಜಾಸ್ತಿ ನೋಡಿ. 'ಸೂರ್ಯ', 'ವರ್ಷ' ಅಂಥವು. ನುಡಿಯಲ್ಲಿ ಅರ್ಕಾವತ್ತಿನ ಚಿತ್ರ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಎಡವುವುದು ಅಲ್ಲೇ.

---

ಕಪ್ಪುಪರದೆ ಉತ್ತರ:

ಗದಗದವರು ಸರಿಯಾಗಿ ಹಿಡಿದರು. 'ನ' ಉಪಾಯ ನನಗೂ ಹೊಸದು.

ಆ ಉದ್ದ ಹೆಸರಿನ ವಿಷಯ. ಇದನ್ನ ನೀವೇ ಅಳೆದು ನೋಡಿ. ಎಕೋ ಅಂದರೆ ಕೊಟ್ಟ ಮಾತನ್ನ ಹಾಗೇ ತಿರುಗಿ ಹೇಳುವ ಕಮಾಂಡ್:

ಎಕೋ -ಎನ್ ಕನ್ನಡ | ಡಬ್ಲ್ಯೂಸಿ -ಎಂ

5 ಅನ್ನುತ್ತದೆ. ಕಣ್ಣಿಗೆ ಮೂರು ಅಕ್ಷರ, ಆದರೆ ಕಂಪ್ಯೂಟರಿಗೆ ಐದು: ಕ, ನ, ಅರ್ಧಕದ ಗುರುತು, ಇನ್ನೊಂದು ನ, ಡ. ಈಗ ಕೊನೆಯ ಎಂ ಬದಲು ಸಿ ಹಾಕಿ. 15 ಅನ್ನುತ್ತದೆ. ಅದು ಬೈಟ್ ಲೆಕ್ಕ, ಅಂದರೆ ಬರೆದಿಡಲು ಕಂಪ್ಯೂಟರಿಗೆ ಬೇಕಾದ ಸಣ್ಣ ಖಾನೆಗಳ ಲೆಕ್ಕ. ಯೂನಿಕೋಡನ್ನ ಲಿನಕ್ಸ್ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಗುರುತಿಗೂ ಮೂರು. ನಿಮ್ಮ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಫೈಲಿನ ಹೆಸರು 255 ಬೈಟ್ ದಾಟುವ ಹಾಗಿಲ್ಲ. ಮೂರರಿಂದ ಭಾಗಿಸಿ, 85. ವಿಂಡೋಸ್ ಡಿಸ್ಕಿನಲ್ಲೂ ಮಿತಿ 255ರದ್ದೇ, ಆದರೆ ಅಲ್ಲಿ ಕನ್ನಡದ ಒಂದು ಗುರುತಿಗೆ ಒಂದೇ ಲೆಕ್ಕ. ಅಪ್ಪನ ಎರಡು ಸಾಲು ಅಲ್ಲಿ ಹಿಡಿಸಿತ್ತು, ಇಲ್ಲಿ ಹಿಡಿಸಲಿಲ್ಲ.

ಹಾರ್ಡ್ ಡಿಸ್ಕಿನಲ್ಲಿ ಆ ಹೆಸರು ಬದಲಿಸಬೇಡಿ. ಹೆಸರಲ್ಲೇ ಹಾಡಿನ ಸಾಲಿದೆ, ಅದೂ ಅಪ್ಪನ ಬರಹವೇ. ಪ್ರತಿ ಮಾಡುವಾಗ ಮಾತ್ರ ಗಿಡ್ಡ ಹೆಸರು ಕೊಡಿ. ಸಿಪಿ, ಜಾಗ, ಫೈಲನ್ನ ಎಳೆದು ಬಿಡಿ, ಜಾಗ, ಆಮೇಲೆ ~/ಅಭ್ಯಾಸ/ಹಾಡು/ಸೋಬಾನೆ-ಉದ್ದ-1. ಮೊದಲಿಗಿರುವ ಅಲೆಯಂಥ ಗುರುತು ಅಂದರೆ ನಿಮ್ಮ ಮನೆ ಫೋಲ್ಡರ್. ಎಲ್ಲಿ ನಿಂತು ಹೊಡೆದರೂ ದಾರಿ ತಪ್ಪುವುದಿಲ್ಲ.

---

ರಾತ್ರಿಪಾಳಿ ಉತ್ತರ:

ಮುಂದೆ ನೀವು ಬೇಡದ ಫೈಲ್ ಅಳಿಸುವ ಹಂತಕ್ಕೆ ಬರುತ್ತೀರಿ. ಅದಕ್ಕೆ ಮೊದಲು ನನ್ನದೊಂದು ಕೇಳಿ.

ಮೊದಲ ಕೆಲಸದಲ್ಲಿದ್ದಾಗ ರಾತ್ರಿ ಎರಡು ಗಂಟೆಗೆ ಹಳೇ ವರದಿಗಳನ್ನ ಅಳಿಸುತ್ತಿದ್ದೆ. 'ಹಳೆ' ಅಂತ ಶುರುವಾಗುವ ಎಲ್ಲ ಫೈಲ್ ಹೋಗಲಿ ಅಂತ ಆರ್‌ಎಂ ಹಳೆ* ಅಂತ ಹೊಡೆಯಬೇಕಿತ್ತು. ಹೊಡೆದದ್ದು ಹೀಗೆ:

ಆರ್‌ಎಂ ಹಳೆ *

ಒಂದು ಜಾಗ ಜಾಸ್ತಿ. ಅದು 'ಹಳೆ ಅನ್ನುವ ಫೈಲನ್ನೂ ಅಳಿಸು, ಇಲ್ಲಿರುವ ಎಲ್ಲವನ್ನೂ ಅಳಿಸು' ಅಂತಾಯಿತು. 'ಹಳೆ ಅನ್ನುವ ಫೈಲ್ ಇಲ್ಲ' ಅಂತ ಒಂದು ಸಾಲು ಬಂತು. ಉಳಿದದ್ದೆಲ್ಲ ಹೋಯಿತು. ಟರ್ಮಿನಲ್‌ನಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ಬ್ಯಾಕಪ್ ಮೂರು ವಾರದ ಹಿಂದಿನದು ಇತ್ತು. ಆ ಮೂರು ವಾರದ ಕೆಲಸವನ್ನ ನಾಲ್ಕು ಜನ ಕೂತು ಮತ್ತೆ ಮಾಡಿದರು. ಯಾರೂ ನನ್ನನ್ನ ಬೈಯಲಿಲ್ಲ. ಅವರ ಮುಖ ನೋಡಲು ನನಗೇ ಆಗುತ್ತಿರಲಿಲ್ಲ.

ಅವತ್ತಿನಿಂದ ಆರ್‌ಎಂ ಅನ್ನುವುದನ್ನ ಮೊದಲ ಸಲಕ್ಕೆ ಹೊಡೆಯುವುದೇ ಇಲ್ಲ. ಮೊದಲು ಎಲ್‌ಎಸ್ ಹಳೆ* ಅಂತ ಹೊಡೆದು ಏನೇನು ಸಿಗುತ್ತದೆ ನೋಡುತ್ತೇನೆ. ಪಟ್ಟಿ ಓದುತ್ತೇನೆ. ಸರಿ ಇದ್ದರೆ ಮೇಲಿನ ಬಾಣ ಒತ್ತಿ, ಅದೇ ಸಾಲಿನಲ್ಲಿ ಎಲ್‌ಎಸ್ ತೆಗೆದು ಆರ್‌ಎಂ -ಐ ಹಾಕುತ್ತೇನೆ. ಐ ಇದ್ದರೆ ಒಂದೊಂದಕ್ಕೂ ಅಳಿಸಲಾ ಅಂತ ಕೇಳುತ್ತದೆ. ಎಂವಿ (ಫೈಲಿನ ಜಾಗ ಇಲ್ಲವೇ ಹೆಸರು ಬದಲಿಸುವುದು), ಸಿಪಿಗೂ ಅದೇ -ಐ ಹಾಕಿ. ಆ ಹೆಸರಿನ ಫೈಲ್ ಮೊದಲೇ ಇದ್ದರೆ ಇವೂ ಸದ್ದಿಲ್ಲದೆ ಅದರ ಮೇಲೆ ಬರೆದುಬಿಡುತ್ತವೆ.

---

ಬೀಸುವಪದ:

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಶಾಲೆಯಲ್ಲಿ ಪರೀಕ್ಷೆ ಇತ್ತು.

'ನ' ಇಲ್ಲದವು 371. ಅಂದರೆ 239 ಮಾತ್ರ ಯೂನಿಕೋಡ್. 371ನ್ನೂ ದಿನಕ್ಕೆ ಮೂವತ್ತರಂತೆ ಬದಲಿಸುತ್ತಿದ್ದೇನೆ. ಮೊದಲ ದಿನ ಅರ್ಕಾವತ್ತು ಎಡವಿತ್ತು, ಇನ್ನೊಂದು ಪರಿವರ್ತಕ ಸರಿಯಾಗಿ ಮಾಡಿತು. ಆ ಎರಡು ಸೋಬಾನೆ ಪದಗಳೂ ಗಿಡ್ಡ ಹೆಸರಲ್ಲಿ ಬಂದು ಕೂತಿವೆ. ಈಗ ಎಣಿಸಿದರೆ 612.

ಒಂದು ವಿಚಿತ್ರ ನೋಡಿದೆ. ಬದಲಿಸಿದ ಒಂದು ಹಾಡಿನಲ್ಲಿ ಬೀಸುಕಲ್ಲು ಅಂತ ಕಣ್ಣಿಗೆ ಚೆನ್ನಾಗಿ ಕಾಣುತ್ತಿದೆ. ಗ್ರೆಪ್ ಇಲ್ಲ ಅನ್ನುತ್ತದೆ. ನನ್ನ ಪದವನ್ನೇ ತುಂಡು ಮಾಡಿ ಹುಡುಕಿದೆ. 'ಬೀಸು' ಅಂದರೆ ಸಿಗಲಿಲ್ಲ, 'ಸುಕಲ್ಲು' ಅಂದರೆ ಸಿಕ್ಕಿತು. 'ಬೀ'ಯಲ್ಲೇ ಏನೋ ಇದೆ. ಏನು ಅಂತ ತಿಳಿಯಲಿಲ್ಲ.

---

ಕಪ್ಪುಪರದೆ ಉತ್ತರ:

ನೀವು ಮಾಡಿದ ಹಾಗೆ ಪದ ತುಂಡು ಮಾಡಿ ನೋಡುವುದನ್ನೇ ನಾವು ಕೆಲಸದಲ್ಲೂ ಮಾಡುವುದು. ಯಾರೂ ಹೇಳಿಕೊಡದೆ ಮಾಡಿದಿರಿ.

'ಬೀ'ಯನ್ನ ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು. ಬ ಮುಂದೆ 'ೀ' ಅನ್ನುವ ಒಂದೇ ಗುರುತು. ಇಲ್ಲವೇ ಗುಡಿಸು ಒಂದು, ದೀರ್ಘದ ಗುರುತು ಬೇರೆ. ನೋಡಲು ಎರಡೂ ಒಂದೇ. ಒಳಗಿನ ಬೈಟ್ ಬೇರೆ. ನುಡಿಯಲ್ಲಿ ದೀರ್ಘ ಬೇರೆ ಚಿತ್ರವಾಗಿ ಇತ್ತು. ಪರಿವರ್ತಕ ಅದನ್ನ ಹಾಗೇ ಬೇರೆ ಇಟ್ಟಿದೆ. ಪರೀಕ್ಷಿಸಬೇಕಾದರೆ 'ಬೀ' ಒಂದನ್ನೇ ಡಬ್ಲ್ಯೂಸಿ -ಎಂ ಹಾಕಿ ಎಣಿಸಿ. ನೀವು ಹೊಡೆದ ಬೀ 2 ಅನ್ನುತ್ತದೆ. ಆ ಫೈಲಿನಿಂದ ನಕಲು ಮಾಡಿ ಅಂಟಿಸಿದ ಬೀ 3 ಅನ್ನಬೇಕು. ಟರ್ಮಿನಲ್‌ನಲ್ಲಿ ಅಂಟಿಸಲು ಕಂಟ್ರೋಲ್ ಜೊತೆ ಶಿಫ್ಟ್ ಕೂಡ ಒತ್ತಬೇಕು, ಆಮೇಲೆ ವಿ.

ಎರಡನ್ನೂ ಒಂದೇ ರೂಪಕ್ಕೆ ತರಲು ಯುಕಾನ್ವ್ ಅನ್ನುವ ಕಮಾಂಡ್ ಇದೆ. ಅದು ಐಸಿಯು-ಡೆವ್‌ಟೂಲ್ಸ್ ಅನ್ನುವ ಪ್ಯಾಕೇಜಿನಲ್ಲಿ ಬರುತ್ತದೆ. ಅದನ್ನ ಹಾಕಿಕೊಳ್ಳಲು ಸುಡೋ ಬೇಕು. ರಾತ್ರಿಪಾಳಿಯವರು ಹೇಳಿದ್ದು ಇಂಥ ಕಡೆಗೇ:

ಸುಡೋ ಎಪಿಟಿ ಇನ್‌ಸ್ಟಾಲ್ ಐಸಿಯು-ಡೆವ್‌ಟೂಲ್ಸ್

ಆಮೇಲೆ ಒಂದು ಫೈಲಿಗೆ ಮಾಡಿ ನೋಡಿ:

ಯುಕಾನ್ವ್ -ಎಕ್ಸ್ ಎನ್‌ಎಫ್‌ಸಿ 'ಬೀಸುವ ಪದ 12' > ../ಪರೀಕ್ಷೆ

ಬಾಣದ ಮುಂದೆ ಬೇರೆ ಹೆಸರೇ ಇರಲಿ. ಅದೇ ಫೈಲಿನ ಹೆಸರು ಬರೆದರೆ ಓದುವ ಮೊದಲೇ ಅದು ಖಾಲಿಯಾಗುತ್ತದೆ. ಸರಿ ಬಂದರೆ ಹೇಳಿ. ಎಲ್ಲ ಫೈಲಿಗೂ ಒಟ್ಟಿಗೆ ಮಾಡುವ ಮೂರು ಸಾಲು ನಾನು ಬರೆದುಕೊಡುತ್ತೇನೆ, ಒಂದೊಂದು ಮಾತಿನ ಅರ್ಥದ ಸಮೇತ.

---

ಬೀಸುವಪದ:

ಬೀ ಎಣಿಸಿದೆ. ನನ್ನದು 2, ಫೈಲಿನದು 3!

ಪರೀಕ್ಷೆ ಫೈಲ್ ಸರಿ ಬಂತು. 'ಬೀಸುಕಲ್ಲು' ಪೂರ್ತಿ ಹೊಡೆದರೂ ಈಗ ಸಿಗುತ್ತದೆ. ಆ ಮೂರು ಸಾಲು ಕಳಿಸಿ. ಅಲ್ಲಿಯವರೆಗೆ 'ಸುಕಲ್ಲು' ಅಂತಲೇ ಹುಡುಕಿದೆ. ಈವರೆಗೆ ಬದಲಿಸಿದವು ಸೇರಿ 46 ಹಾಡು. ಪಟ್ಟಿಯನ್ನ ಬಾಣ ಹಾಕಿ ಬರೆದಿಟ್ಟೆ. ಅಪ್ಪ ಪ್ರತಿ ಹಾಡಿನ ಕೆಳಗೆ ಹಾಡಿದವರ ಊರು ಬರೆದಿದ್ದಾರೆ ಅಂತ ಲೆಸ್ ಹಾಕಿ ಓದುವಾಗ ಗೊತ್ತಾಯಿತು. ಇಷ್ಟು ವರ್ಷ ನಾನು ಫೈಲಿನ ಕೊನೆವರೆಗೆ ಹೋಗಿಯೇ ಇರಲಿಲ್ಲ. ನಮ್ಮ ಊರಿನ ಹೆಸರು ಹಾಕಿ ಗ್ರೆಪ್ ಮಾಡಿದೆ. ಒಂಬತ್ತು ಬಂದವು. ಅದರಲ್ಲಿ ನಾಲ್ಕರ ಕೆಳಗೆ 'ಅಮ್ಮ ಹೇಳಿದ್ದು' ಅಂತ ಇದೆ. ನನ್ನ ಅಜ್ಜಿ.

ಹಾಡಿನ ಕೊನೇ ಸಾಲು ಮಾತ್ರ ತೋರಿಸುವ ಕಮಾಂಡ್ ಇದೆಯಾ? ಊರಿನ ಪ್ರಕಾರ ಬೇರೆ ಬೇರೆ ಮಾಡಬೇಕು.

---

ಗದಗ_ಡಿಟಿಪಿ ಉತ್ತರ:

ಇದೆ ಅಕ್ಕಾ. ಟೇಲ್. ಬಾಲ ಅಂತಲೇ ಹೆಸರು:

ಟೇಲ್ -ಎನ್ 1 *

ಒಂದೊಂದು ಫೈಲಿನ ಹೆಸರೂ ಅದರ ಕೊನೇ ಸಾಲೂ ಬರುತ್ತದೆ. ಕೊನೆಗೆ ಖಾಲಿ ಸಾಲು ಬಿಟ್ಟಿದ್ದರೆ 1ರ ಬದಲು 3 ಹಾಕಿ ನೋಡಿ. ಪರದೆ ತುಂಬಿ ಓಡಿದರೆ ಮುಂದೆ ಪೈಪ್, ಆಮೇಲೆ ಲೆಸ್. ಅಜ್ಜಿಯ ನಾಲ್ಕು ಹಾಡು ಬದಲಿಸಿದ ಮೇಲೆ ಕಳಿಸಿ, ಅರ್ಕಾವತ್ತು ನಾನೊಮ್ಮೆ ನೋಡಿಕೊಡುತ್ತೇನೆ.